ಎರಡು ಮಿಲಿಮೀಟರ್

ಬ್ರಿಟನ್ನಿನಲ್ಲಿ ಮಾದರಿ ರೈಲು ಕಟ್ಟುವವರಿದ್ದಾರೆ. ಅದನ್ನು ಆಟಿಕೆ ಎಂದರೆ ಅವರಿಗೆ ಸಿಟ್ಟು ಬರುತ್ತದೆ! ಪ್ಲಾಸ್ಟಿಕ್ ಕಿಟ್ ಬಿಚ್ಚಿದೊಡನೆ ಅವರು ಅಂಟು ಹುಡುಕುವುದಿಲ್ಲ, ಅಳತೆಪಟ್ಟಿ ಹಿಡಿಯುತ್ತಾರೆ.

ಅಲ್ಲಿನ ಹಳೆಯ ಕಲ್ಲಿದ್ದಲು ವ್ಯಾಗನ್‌ಗಳಲ್ಲಿ ಎರಡು ಅಚ್ಚುಗಳ ನಡುವೆ ಸಾಮಾನ್ಯವಾಗಿ 9 ಅಡಿ. ಅಡಿಗೆ 4 ಮಿಲಿಮೀಟರ್ ಲೆಕ್ಕದಲ್ಲಿ ಮಾದರಿಗೆ 36 ಬೇಕು. ಒಂದೇ ತಳವನ್ನು ಹಲವು ವ್ಯಾಗನ್‌ಗಳಿಗೆ ಹೊಂದಿಸಿದ ಕಿಟ್‌ನಲ್ಲಿ ಅದು 40 ಇದ್ದರೆ, ಗರಗಸ ಹೊರಬರುತ್ತದೆ. ಗಾಲಿಯ ಆಧಾರಗಳನ್ನು ಕತ್ತರಿಸಿ, ಎರಡೂ ತುದಿಯಿಂದ 2 ಮಿಲಿಮೀಟರ್ ಒಳಕ್ಕೆ ಸರಿಸಿ ಅಂಟಿಸುತ್ತಾರೆ. ಬ್ರೇಕ್ ಶೂಗಳು ಚಕ್ರದ ನೇರಕ್ಕಿಲ್ಲದಿದ್ದರೆ ಅವನ್ನೂ ಕಿತ್ತು ಮತ್ತೆ ಕೂರಿಸುತ್ತಾರೆ. ವ್ಯಾಗನ್ನಿನ ಹೊಟ್ಟೆಯ ಕೆಳಗೆ ಬಗ್ಗಿ ನೋಡುವವರು ಯಾರು? ಬಹುಶಃ ಯಾರೂ ಇಲ್ಲ. ನನಗೆ ಇಷ್ಟವಾಗುವುದು ಅದೇ.

ತಮಾಷೆಯೆಂದರೆ, ಇಷ್ಟು ತಿದ್ದಿದ ವ್ಯಾಗನ್ ಹೆಚ್ಚಾಗಿ ಓಡುವುದು 16.5 ಮಿಲಿಮೀಟರ್ ಅಗಲದ ಹಳಿಯ ಮೇಲೆ. ನಿಜವಾದ ಹಳಿಗಳ ನಡುವಿನ 4 ಅಡಿ 8½ ಅಂಗುಲಕ್ಕೆ 18.83 ಬೇಕು. ಬಹುಪಾಲು ಜನ ಇದಕ್ಕೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮುಚ್ಚಲಾಗದ ಕೆಲವರು 18.83ರ ಹಳಿಯನ್ನು ಕೈಯಾರೆ ಹಾಸುತ್ತಾರೆ. ಆಮೇಲೆ ಚಕ್ರಗಳನ್ನು ಬದಲಿಸಬೇಕು, ಕಪಾಟಿನಲ್ಲಿರುವ ಅಷ್ಟೂ ವ್ಯಾಗನ್‌ಗಳದ್ದು.