ಬಳ್ಳಾರಿ ಜಾಲಿ: ಸೌದೆಗಷ್ಟೇ ಅಲ್ಲ, ಲೇತಿಗೂ ಸೈ
(ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬಳ್ಳಾರಿ ಜಾಲಿ ಎಂದೊಡನೆ ನೀವು ಹುಬ್ಬು ಗಂಟಿಕ್ಕುವುದು ಸಹಜ. ಅಮೆರಿಕ ಖಂಡದ ಮೂಲದ ಈ ಮರವನ್ನು 1870ರ ದಶಕದಲ್ಲಿ ನಮ್ಮ ದೇಶಕ್ಕೆ ತಂದರು. ಈಗ ಅದು ಬೀಳು ಹೊಲ, ಕೆರೆಯಂಗಳ, ಗೋಮಾಳಗಳನ್ನು ಆಕ್ರಮಿಸಿದೆ. ಅದನ್ನು ಕಿತ್ತು ಹೊಲ ಹಸನು ಮಾಡುವುದೇ ಮೊದಲ ಕೆಲಸ. ಆದರೆ ಕಿತ್ತದ್ದನ್ನೆಲ್ಲ ಇದ್ದಿಲ ಗೂಡಿಗೆ ತುಂಬುವ ಮುನ್ನ ದಪ್ಪ ಬೊಡ್ಡೆಗಳನ್ನು ಬೇರೆ ತೆಗೆದಿಡಿ.

ಇದರ ಚೇಗು ಕಂದು ಬಣ್ಣದ್ದು, ಬಲು ಗಟ್ಟಿ. ಒಣಗುವಾಗ ಹೆಚ್ಚು ಕುಗ್ಗದು, ಆದ್ದರಿಂದ ಸೊಟ್ಟಗಾಗುವುದೂ ಕಡಿಮೆ. ಮರ ಡೊಂಕಾದ್ದರಿಂದ ಉದ್ದನೆಯ ಹಲಗೆ ಸಿಗದು, ನಿಜ. ಆದರೆ ಲೇತಿನಲ್ಲಿ ಕಡೆಯುವ ಉಳಿಯ ಹಿಡಿ, ಬುಗುರಿ, ಲಟ್ಟಣಿಗೆ, ಬಟ್ಟಲುಗಳಿಗೆ ಒಂದು ಮೊಳದ ತುಂಡು ಸಾಕು.

ನಾನು ಮೊದಲ ಸಲ ಹಸಿ ಕೊಂಬೆಯಿಂದಲೇ ಲಟ್ಟಣಿಗೆ ಕಡೆಸಿದೆ. ಎಂಟು ದಿನದಲ್ಲಿ ಅದು ಉದ್ದಕ್ಕೂ ಸೀಳಿತು. ತಪ್ಪು ಮರದ್ದಲ್ಲ, ನನ್ನದು. ನಡುವಿನ ತಿರುಳನ್ನು ಬಿಡಿಸಿರಲಿಲ್ಲ, ಮರವನ್ನು ಒಣಗಿಸಿರಲಿಲ್ಲ.

ಆದ್ದರಿಂದ ಹೀಗೆ ಮಾಡಿ. ಬೊಡ್ಡೆಯನ್ನು ತಿರುಳಿನ ಗುಂಟ ಎರಡು ಹೋಳಾಗಿ ಸೀಳಿ, ತಿರುಳನ್ನು ತೆಗೆದುಹಾಕಿ. ಅಂದೇ ಎರಡೂ ತುದಿಗಳಿಗೆ ಕರಗಿಸಿದ ಮೇಣ ಹಚ್ಚಿ. ನೆರಳಿನಲ್ಲಿ, ನೆಲಕ್ಕೆ ತಾಗದಂತೆ, ನಡುವೆ ಗಾಳಿಯಾಡುವಂತೆ ಪೇರಿಸಿ. ಹೊರಗಿನ ಹಳದಿ ಮರಕ್ಕೆ ಹುಳು ಬೀಳುತ್ತದೆ, ಅದನ್ನು ಕೆತ್ತಿಹಾಕಿ. ತಿಂಗಳಿಗೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಮರ ಒಣಗಿದೆಯೆಂದು ತಿಳಿಯಿರಿ. ಬಟ್ಟಲಾದರೆ ಹಸಿಯಿದ್ದಾಗಲೇ ದಪ್ಪನಾಗಿ ಕಡೆಸಿಡಬಹುದು. 20 ಸೆಂ.ಮೀ. ಅಗಲದ ಬಟ್ಟಲಿಗೆ 2 ಸೆಂ.ಮೀ. ದಪ್ಪ ಬಿಟ್ಟು, ಒಣಗಿದ ಮೇಲೆ ನಯಗೊಳಿಸಬೇಕು.

ಗಟ್ಟಿ ಮರ ಉಳಿಯನ್ನು ಬೇಗ ಮೊಂಡು ಮಾಡುತ್ತದೆ. ಆಗಾಗ ಸಾಣೆ ಹಿಡಿಯಿರಿ. ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳು ತಡೆಯುವ ಮುಖಗವಸು ಇರಲಿ. ಸಡಿಲ ತೋಳಿನ ಅಂಗಿ, ಹೆಗಲ ಮೇಲಿನ ಟವೆಲ್ಲು ಲೇತಿನ ಬಳಿ ಬೇಡ. ಕೆರೆ ಅಥವಾ ಗೋಮಾಳದ ಮರವಾದರೆ ಮೊದಲು ಅನುಮತಿ ಪಡೆಯಿರಿ.

ಕೊನೆಯ ಮಾತು. ಬುಡ ಕಡಿದರೆ ಜಾಲಿ ಸಾಯದು, ಮತ್ತೆ ಚಿಗುರುತ್ತದೆ. ನೆಲದೊಳಗೆ ಸುಮಾರು ಒಂದು ಅಡಿ ಆಳದವರೆಗೆ ಬುಡವನ್ನು ಬೇರುಸಹಿತ ತೆಗೆಯಿರಿ. ಕಾಯಿ ಮಾಗುವ ಮೊದಲೇ ಈ ಕೆಲಸ ಮುಗಿಯಲಿ. ಕಾಯಿ ತಿಂದ ದನಗಳ ಸಗಣಿಯಿಂದಲೇ ಬೀಜ ಹರಡುತ್ತದೆ. ಬಟ್ಟಲಿಗೆ ಬೆಲೆ ಬಂತೆಂದು ಯಾರೂ ಜಾಲಿ ಬೆಳೆಸಬೇಡಿ. ಹೊಲ ಬಿಡಿಸಿಕೊಳ್ಳುವ ಖರ್ಚಿನಲ್ಲಿ ಸ್ವಲ್ಪವಾದರೂ ಆ ಮರದಿಂದಲೇ ಹುಟ್ಟಲಿ, ಅಷ್ಟೇ ನನ್ನ ಆಶಯ.