ಫ್ರೆಂಚರ ಉಲಿ, ಕನ್ನಡದ ಕಿವಿ

ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಹಿರೋಡೆಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಂತು. ಅದೇ ಇಂದಿನ ಪಾಂಡವಪುರ. ಆದರೆ ಆ ಜನರ ಹೆಸರುಗಳು ನಮಗೆ ದೊರೆತದ್ದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ. 1797ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ನಾವಿಕನೊಬ್ಬನ ಹೆಸರನ್ನು ಇಂಗ್ಲಿಷಿನ ಜಾಡಿನಲ್ಲಿ ಓದಿದರೆ ‘ರಿಪಾಡ್’ ಆಗುತ್ತದೆ. ಫ್ರೆಂಚಿನಲ್ಲಿ ಅದು ರಿ–ಪೋ. ಕೊನೆಯ ವ್ಯಂಜನ ಬರಹದಲ್ಲುಂಟು, ನಾಲಗೆಯಲ್ಲಿಲ್ಲ.

ಎರಡು ಸ್ವರಗಳ ನಡುವಣ ವ್ಯಂಜನ ಮುಂದಿನ ಸ್ವರವನ್ನು ಸೇರುವುದು ಆ ನುಡಿಯ ನಿಯಮ. ನಮ್ಮ ಕಾಗುಣಿತದ ನಡೆಯೂ ಅದೇ. ‘ಗೆಳೆಯರು’ ಎನ್ನಲು ‘ಲೇ’ ಎಂಬುದರ ಮುಂದೆ ‘ಅಮಿ’ ಬಂದಾಗ ಲೇ–ಜ಼ಾ–ಮಿ ಎನ್ನುತ್ತಾರೆ. ಮೌನವಾಗಿದ್ದ ಸಕಾರ ಜಕಾರದಂತೆ ಎದ್ದುಬರುತ್ತದೆ. ಸಂಧಿಯನ್ನು ಬಲ್ಲ ಕನ್ನಡಿಗನಿಗೆ ಇದು ಅಪರಿಚಿತವಲ್ಲ. ನಮ್ಮ ನೆಲದ ಚರಿತ್ರೆಯಲ್ಲಿ ಬೆರೆತ ಈ ಹೆಸರುಗಳನ್ನು ಅನ್ಯರ ಹಂಗಿಲ್ಲದೆ ನಮ್ಮ ಲಿಪಿಯಲ್ಲಿಯೇ ಬರೆದುಕೊಳ್ಳಬಹುದು.