ಓದು ಎಷ್ಟು, ಕೆಲಸ ಎಷ್ಟು?



ಯುಗಾದಿ ಕಾರ್ಯಕ್ರಮ ಮುಗಿದು ನಾವೆಲ್ಲ ಕುರ್ಚಿ ಎತ್ತಿಡುತ್ತಿದ್ದಾಗ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. ಹದಿನಾರು ವರ್ಷ ಇರಬಹುದು. “ಆಂಟಿ, ನನಗೆ ಬೇಕರಿ ಕೆಲಸ ಕಲೀಬೇಕು ಅಂತ ಆಸೆ. ಅಮ್ಮ ಮೊದಲು ಡಿಗ್ರಿ ಮುಗಿಸು, ಆಮೇಲೆ ಏನು ಬೇಕಾದ್ರೂ ಮಾಡು ಅಂತಾರೆ. ನೀವು ಎಂ.ಎ. ಮಾಡಿದ್ದೀರಲ್ಲ, ನೀವೇ ಹೇಳಿ. ಡಿಗ್ರಿ ಬೇಕೇ ಬೇಕಾ?” ಅಂದಳು. ನಾನು “ಅಮ್ಮ ಹೇಳೋದರಲ್ಲೂ ಅರ್ಥ ಇರತ್ತಮ್ಮ” ಎಂದು ಏನೋ ಹೇಳಿ ಜಾರಿಕೊಂಡೆ. ಮನೆಗೆ ಬಂದ ಮೇಲೆ ನನ್ನ ಮೇಲೆ ನನಗೇ ಬೇಸರವಾಯಿತು. ಅವಳ ಪ್ರಶ್ನೆಗೆ ಉತ್ತರ ನಮ್ಮ ಮನೆಯಲ್ಲೇ ಇತ್ತು. ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಇವತ್ತು ಹೇಳುತ್ತೇನೆ.

ನೆದರ್ಲೆಂಡ್ಸ್‌ನಲ್ಲಿ ಬೆಳೆದವರಿಗೆ ಇದು ಗೊತ್ತು, ಬೇರೆ ದೇಶದ ಕೇಳುಗರಿಗಾಗಿ ಹೇಳುತ್ತೇನೆ. ಇಲ್ಲಿ ಮಗುವಿಗೆ ಹನ್ನೆರಡು ವರ್ಷವಾಗುವ ಹೊತ್ತಿಗೆ ಪ್ರಾಥಮಿಕ ಶಾಲೆ ಒಂದು ಸಲಹೆ ಕೊಡುತ್ತದೆ. ನಾಲ್ಕು ವರ್ಷದ ವಿಎಂಬಿಓ, ಐದು ವರ್ಷದ ಹಾವೋ, ಆರು ವರ್ಷದ ವಿಡಬ್ಲ್ಯೂಓ, ಈ ಮೂರರಲ್ಲಿ ಯಾವ ದಾರಿ ಎಂದು. ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗುವುದು ಕೊನೆಯದು ಮಾತ್ರ. ನಮ್ಮ ಭಾರತೀಯ ಮನೆಗಳಲ್ಲಿ ಆ ದಿನಗಳಲ್ಲಿ ಯಾರಿಗೂ ಊಟ ಸೇರುವುದಿಲ್ಲ. ನನ್ನ ಮಗನಿಗೆ ಬಂದದ್ದು ವಿಎಂಬಿಓ ಸಲಹೆ. ಅವತ್ತು ರಾತ್ರಿ ನಾನು ಅತ್ತೆ. ಕುಮಟಾದಲ್ಲಿರುವ ನನ್ನ ಆಯಿ ಫೋನಿನಲ್ಲಿ “ಮಾಣಿ ಎಂತ ಓದ್ತಾ ಇದ್ದಾನೆ?” ಎಂದು ಕೇಳಿದರೆ “ಟೆಕ್ನಿಕಲ್ ಹೈಸ್ಕೂಲು” ಅನ್ನುತ್ತಿದ್ದೆ. ಅವನು ಎಲೆಕ್ಟ್ರಿಷಿಯನ್ ಕೋರ್ಸಿಗೆ ಸೇರಿದ ಮೇಲೂ “ಎಲೆಕ್ಟ್ರಿಕಲ್” ಎಂದಷ್ಟೇ ಹೇಳಿದೆ. ಆಯಿ ಅದನ್ನು ಎಂಜಿನಿಯರಿಂಗ್ ಎಂದುಕೊಂಡಳು. ನಾನು ತಿದ್ದಲಿಲ್ಲ.

ನಿಮ್ಮ ಅಪ್ಪ ಅಮ್ಮ ಡಿಗ್ರಿ ಡಿಗ್ರಿ ಅನ್ನುವುದು ಬರೀ ಜಂಬಕ್ಕಲ್ಲ. ನಮ್ಮ ಕಾಲದಲ್ಲಿ ಎಸ್‌ಎಸ್‌ಎಲ್‌ಸಿ ಫೇಲಾದರೆ, ಪಿಯುಸಿ ಕೈಕೊಟ್ಟರೆ, ಹಿಂದಕ್ಕೆ ಬರುವ ದಾರಿ ಬಹಳ ಕಿರಿದಾಗಿತ್ತು. ಐಟಿಐ ಇತ್ತು, ಡಿಪ್ಲೊಮಾ ಇತ್ತು, ಡಿಪ್ಲೊಮಾದಿಂದ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವ ಅವಕಾಶವೂ ಇತ್ತು. ಆದರೆ ಮಾರ್ಕ್ಸ್ ಕಡಿಮೆ ಬಂದವರು ಹೋಗುವ ಜಾಗ ಅದು ಎಂದೇ ಜನ ನೋಡುತ್ತಿದ್ದರು. ಇನ್ನೊಂದು ಮಾತು. ತೋಟವೂ ಇಲ್ಲದ, ಪರಿಚಯದ ದೊಡ್ಡವರೂ ಇಲ್ಲದ ಮನೆಯ ಮಗುವಿಗೆ ಸರ್ಟಿಫಿಕೇಟ್ ಒಂದೇ ಆಸ್ತಿ. ಯಾರ ಮಗ, ಯಾವ ಜಾತಿ ಎಂದು ಕೇಳುವ ಲೋಕದಲ್ಲಿ ಆ ಕಾಗದ ಅವನ ಪರವಾಗಿ ಮಾತಾಡುತ್ತಿತ್ತು. ನಿಮ್ಮಲ್ಲಿ ಎಷ್ಟೋ ಜನ ಇಲ್ಲಿ ಹುಟ್ಟಿದ್ದಕ್ಕೆ ಕಾರಣವೇ ಅಪ್ಪನದೋ ಅಮ್ಮನದೋ ಒಂದು ಡಿಗ್ರಿ.

ಆದರೆ ಇಲ್ಲಿನ ದಾರಿಗಳು ಬೇರೆ. ‘ಮನುಷ್ಯನಿಗೆ ಎಷ್ಟು ಶಾಲೆ ಬೇಕು?’ ಎಂಬುದಕ್ಕೆ ಈ ದೇಶದ ಕಾನೂನಿನಲ್ಲೇ ಒಂದು ಉತ್ತರ ಇದೆ. ಅದಕ್ಕೆ ‘ಸ್ಟಾರ್ಟ್‌ಕ್ವಾಲಿಫಿಕಾಟ್ಸಿ’ ಎನ್ನುತ್ತಾರೆ, ಅಂದರೆ ಕೆಲಸದ ಲೋಕಕ್ಕೆ ಕಾಲಿಡಲು ಬೇಕಾದ ಕನಿಷ್ಠ ಓದು. ಹಾವೋ, ವಿಡಬ್ಲ್ಯೂಓ ಅಥವಾ ವೃತ್ತಿಶಿಕ್ಷಣವಾದ ಎಂಬಿಓದ ಎರಡನೇ ಹಂತ. ಇಷ್ಟು ಕೈಗೆ ಬರುವವರೆಗೆ, ಇಲ್ಲವೇ ಹದಿನೆಂಟು ತುಂಬುವವರೆಗೆ, ಓದು ಬಿಡುವ ಹಾಗಿಲ್ಲ. ಆ ಮೇಲಿನದು ನಿಮ್ಮ ಆಯ್ಕೆ.

ಎಂಬಿಓದಲ್ಲಿ ಬಿಬಿಎಲ್ ಎಂಬ ದಾರಿಯಿದೆ. ಸಾಮಾನ್ಯವಾಗಿ ವಾರದಲ್ಲಿ ನಾಲ್ಕು ದಿನ ಮಾನ್ಯತೆ ಪಡೆದ ಕಂಪನಿಯಲ್ಲಿ ಕೆಲಸ, ಒಂದು ದಿನ ಶಾಲೆ. ಕೆಲಸಕ್ಕೆ ಸಂಬಳ, ಕೊನೆಗೆ ಡಿಪ್ಲೊಮಾ. ನಾಲ್ಕನೇ ಹಂತ ಮುಗಿಸಿದವರು ಎಚ್‌ಬಿಓಗೆ ಹೋಗಬಹುದು. ಅಲ್ಲಿ ಮೊದಲ ವರ್ಷ ದಾಟಿದವರಿಗೆ ಕೆಲವು ಷರತ್ತುಗಳ ಮೇಲೆ ವಿಶ್ವವಿದ್ಯಾಲಯದ ಬಾಗಿಲೂ ತೆರೆಯುತ್ತದೆ. ಡಚ್ಚರು ಇದಕ್ಕೆ ‘ಸ್ಟಾಪೆಲನ್’ ಅನ್ನುತ್ತಾರೆ, ಒಂದರ ಮೇಲೊಂದು ಪೇರಿಸುವುದು. ನಮ್ಮ ಗ್ರೋನಿಂಗನ್‌ನಲ್ಲೇ 1614ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ ಇದೆ, ಹಾನ್ಸೆ ಹೋಖೆಸ್ಕೂಲ್ ಇದೆ, ಎಂಬಿಓ ಕಲಿಸುವ ನೋರ್ಡರ್‌ಪೋರ್ಟ್ ಮತ್ತು ಆಲ್ಫಾ ಕಾಲೇಜು ಇವೆ. ಈ ದಾರಿ ಉದ್ದ, ವರ್ಷಗಳು ಹೆಚ್ಚು ಹಿಡಿಯುತ್ತವೆ, ಸುಳ್ಳು ಹೇಳುವುದಿಲ್ಲ. ಆದರೆ ಮುಚ್ಚಿದ ದಾರಿಯಲ್ಲ. ಡಚ್ಚರಲ್ಲೂ ಮೇಲು ಕೀಳು ಇಲ್ಲವೆಂದಲ್ಲ. ಎಂಬಿಓ ಕಲಿಯುವವರನ್ನೂ ಕಾನೂನಿನಲ್ಲಿ ‘ಸ್ಟುಡೆಂಟ್’ ಎಂದು ಕರೆಯತೊಡಗಿದ್ದು 2020ರಲ್ಲಿ ಮಾತ್ರ.

ಇನ್ನು ನಮ್ಮ ಮನೆಯ ಕಥೆ. ಮಗನಿಗೆ ಈಗ ಹದಿನೇಳು. ಕಳೆದ ಮೇ ರಜೆಯಲ್ಲಿ ಕುಮಟಾಕ್ಕೆ ಹೋಗಿದ್ದೆವು. ಆಯಿಯ ಮನೆ ಬಚ್ಚಲಲ್ಲಿ ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. “ಬೇಸಿಗೇಲಿ ಹಾಗೇಯ, ಚಪ್ಪಲಿ ಹಾಕ್ಕೊಂಡು ಹೋಗು” ಎಂದಳು ಆಯಿ. ಮಗ ಮೇನ್ ಆಫ್ ಮಾಡಿಸಿ, ಮೀಟರ್ ಹಿಡಿದು ಅರ್ಥಿಂಗ್ ತಂತಿಯನ್ನು ಒಂದು ಗಂಟೆ ತಡಕಿದ. ತಂತಿ ಎಲ್ಲೂ ಕಡಿದಿರಲಿಲ್ಲ. ಅವನಿಗೆ ತಲೆಬುಡ ತಿಳಿಯಲಿಲ್ಲ.

ಊರಲ್ಲಿ ನಲವತ್ತು ವರ್ಷದಿಂದ ವೈರಿಂಗ್ ಮಾಡುವ ಒಬ್ಬರಿದ್ದಾರೆ. ಏಳನೇ ತರಗತಿಗೇ ಶಾಲೆ ಬಿಟ್ಟವರು. ಅವರನ್ನು ಕರೆಸಿದೆವು. ಅವರು ಮೀಟರ್ ಮುಟ್ಟಲೇ ಇಲ್ಲ. ಹಿತ್ತಲಿಗೆ ಹೋಗಿ, ಅರ್ಥಿಂಗ್ ಗುಂಡಿಗೆ ಎರಡು ಬಕೆಟ್ ನೀರು ಹೊಯ್ದರು. “ತಮಾ, ಇದು ಚಿರೆಕಲ್ಲಿನ ನೆಲ. ಮೇ ತಿಂಗಳಿಗೆ ಬುಡದವರೆಗೆ ಒಣಗ್ತದೆ. ಗುಂಡಿ ಒಣಗಿದ್ರೆ ಕರೆಂಟು ನೆಲಕ್ಕೆ ಇಳಿಯೋದು ಹೇಗೆ?” ಎಂದರು. ಜುಮ್ಮೆನ್ನುವುದು ನಿಂತಿತು. ಮಗ ಬಾಯಿ ಬಿಟ್ಟು ನಿಂತ. ನೀರು ತುಂಬಿದ ಗ್ರೋನಿಂಗನ್ ನೆಲದಲ್ಲಿ ಇದನ್ನು ಯಾರೂ ಅವನಿಗೆ ತೋರಿಸಿರಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ‘ಅನುಭವವೇ ಗುರು’ ಎಂದು ಹೇಳಿ ನಾನು ಭಾಷಣ ಮುಗಿಸಬಹುದಿತ್ತು. ಆದರೆ ಮಗ ಕೇಳಿದ: “ಕರೆಂಟು ನೆಲಕ್ಕೆ ಇಳಿಯಿತು, ಸರಿ. ಆದರೆ ಗೀಸರಿನ ಮೈಗೆ ಅದು ಬಂದದ್ದಾದರೂ ಯಾಕೆ?” ಅವರು ಸ್ವಲ್ಪ ಯೋಚಿಸಿ, “ಅದು ಹೌದು” ಎಂದರು. ಇಬ್ಬರೂ ಸೇರಿ ಗೀಸರ್ ಬಿಚ್ಚಿದರು. ಒಳಗಿನ ಕಾಯಿಸುವ ಸುರುಳಿ ಹಾಳಾಗಿ ಕರೆಂಟು ಸೋರುತ್ತಿತ್ತು. ಹೀಗೆ ಸೋರಿದಾಗ ಕ್ಷಣದಲ್ಲಿ ಕರೆಂಟು ಕಡಿಯುವ ಆರ್‌ಸಿಸಿಬಿ ಆ ಮನೆಯಲ್ಲಿ ಇರಲೇ ಇಲ್ಲ. ಎಷ್ಟು ಬೇಸಿಗೆ ಹೀಗೆ ನೀರು ಹೊಯ್ದು ಕಳೆದಿದ್ದರೋ! ಒಂದು ದಿನ ಆಯಿ ಒದ್ದೆ ಕಾಲಲ್ಲಿ ಆ ನಲ್ಲಿ ಹಿಡಿದು ಬಿದ್ದಿದ್ದರೆ? ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ನೋಡಿ, ಅನುಭವ ಗುಂಡಿಯನ್ನು ತೋರಿಸಿತು. ಓದು ‘ಯಾಕೆ’ ಎಂದು ಕೇಳಿಸಿತು. ಅವರೊಬ್ಬರೇ ಆಗಿದ್ದರೆ ಮುಂದಿನ ಮೇ ತಿಂಗಳಲ್ಲೂ ನೀರು ಹೊಯ್ಯುತ್ತಿದ್ದರು. ಇವನೊಬ್ಬನೇ ಆಗಿದ್ದರೆ ಗೋಡೆ ಒಡೆದು ಸರಿಯಿದ್ದ ತಂತಿಯನ್ನೇ ಬದಲಿಸುತ್ತಿದ್ದ.

ಹಾಗಾದರೆ ಕಾಗದದ ಬೆಲೆ ಏನು? ಇಬ್ಬರು ಹೆಂಗಸರ ಬದುಕು ಹೇಳುತ್ತೇನೆ. ಒಬ್ಬರು ನಮ್ಮ ಉತ್ತರ ಕನ್ನಡದವರೇ, ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಬೆಳೆಸುತ್ತಾ, ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳೆಸಬೇಕು ಎಂಬುದನ್ನೆಲ್ಲ ಬಲ್ಲವರಾದರು. ಜನ ಅವರನ್ನು ಕಾಡಿನ ವಿಶ್ವಕೋಶ ಎಂದರು. 2021ರಲ್ಲಿ ಬರಿಗಾಲಲ್ಲಿ ಹೋಗಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದ ಚಿತ್ರ ನೀವು ನೋಡಿರಬಹುದು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಆದರೆ ಅಷ್ಟು ಬಲ್ಲ ಆಕೆ ದಶಕಗಳ ಕಾಲ ದಿನಗೂಲಿಯಾಗಿ ದುಡಿದರು. ತಿಳಿವಳಿಕೆ ಇತ್ತು, ಅದಕ್ಕೆ ತಕ್ಕ ಸಂಬಳ ಕೊಡಿಸುವ ಕಾಗದ ಇರಲಿಲ್ಲ.

ಇನ್ನೊಬ್ಬರು ನಮ್ಮ ಗ್ರೋನಿಂಗನ್ ಪ್ರಾಂತ್ಯದ ಸಪ್ಪೆಮೇರ್ ಊರಿನ ಆಲೆಟ್ಟಾ ಯಾಕೋಬ್ಸ್. ಅಪ್ಪ ಹಳ್ಳಿಯ ವೈದ್ಯರು. ಅಪ್ಪನ ಕೆಲಸವನ್ನು ನೋಡುತ್ತಲೇ ಬೆಳೆದರು. ಆದರೆ ನೋಡಿ ಕಲಿತದ್ದರಿಂದ ಯಾರೂ ಆಕೆಯನ್ನು ವೈದ್ಯೆ ಎನ್ನುತ್ತಿರಲಿಲ್ಲ. 1871ರಲ್ಲಿ ಸರ್ಕಾರದ ಅನುಮತಿ ಕೇಳಿ ಪಡೆದು ಈ ಊರಿನ ವಿಶ್ವವಿದ್ಯಾಲಯ ಸೇರಿದರು, 1879ರಲ್ಲಿ ಡಾಕ್ಟರೇಟ್ ಪಡೆದರು. ಒಂದು ಕಾಗದಕ್ಕಾಗಿ ಮಾಡಿದ ಆ ಹೋರಾಟದಿಂದ ಮುಂದೆ ಎಷ್ಟೋ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು.

ಇಲ್ಲಿ ಯಾರಾದರೂ “ಡಿವಿಜಿ ಮೆಟ್ರಿಕ್ಯುಲೇಷನ್ ಕೂಡ ಪಾಸಾಗಿರಲಿಲ್ಲವಲ್ಲ” ಎನ್ನುತ್ತಾರೆ. ನಿಜ. ನಾನು ಎಂ.ಎ. ತರಗತಿಯಲ್ಲಿ ಕೂತು ಓದಿದ್ದು ಅವರ ‘ಮಂಕುತಿಮ್ಮನ ಕಗ್ಗ’ವನ್ನು. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯ ತಾನೇ ಅವರಿಗೆ ಗೌರವ ಡಿ.ಲಿಟ್. ಕೊಟ್ಟಿತು. ಶಿವರಾಮ ಕಾರಂತರೂ ಕಾಲೇಜು ಬಿಟ್ಟವರೇ. ಆದರೆ ಇವರು ಬಿಟ್ಟದ್ದು ತರಗತಿಯನ್ನು, ಓದನ್ನಲ್ಲ. ಜೀವನವಿಡೀ ಓದಿದರು. “ಅವರಿಗೇ ಡಿಗ್ರಿ ಇಲ್ಲ, ನನಗ್ಯಾಕೆ?” ಎನ್ನುವವರು ಅವರಷ್ಟು ಓದುತ್ತಾರೆಯೇ ಎಂದು ತಮ್ಮನ್ನು ಕೇಳಿಕೊಳ್ಳಬೇಕು.

ಆದ್ದರಿಂದ ನನ್ನ ಮಾತು ಇಷ್ಟು. ಓದೋ ಕೆಲಸವೋ ಎಂದು ಒಂದನ್ನು ಆರಿಸಿಕೊಳ್ಳಬೇಡಿ. ಯಾವುದು ಮೊದಲು, ಯಾವುದು ಆಮೇಲೆ ಎಂದು ಆರಿಸಿಕೊಳ್ಳಿ. ಆಪರೇಷನ್ ಮಾಡುವವರು, ಸೇತುವೆಯ ಲೆಕ್ಕ ಹಾಕುವವರು ಓದಿಯೇ ಕೈ ಹಚ್ಚಬೇಕು, ತಪ್ಪಿದರೆ ಬೇರೆಯವರ ಜೀವ ಹೋಗುತ್ತದೆ. ಬೇಕರಿ, ಬಡಗಿ ಕೆಲಸ, ವೈರಿಂಗ್ ಇಂಥವನ್ನು ಕೈ ಹಚ್ಚುತ್ತಲೇ ಓದಬಹುದು. ಆದರೆ ಕಾಗದವಿಲ್ಲದೆ ದುಡಿಯುವುದೇ ಆಗಿ ಉಳಿಯಬೇಡಿ. ಮೊದಲ ಸಂಬಳ ಕೈಗೆ ಬಂದಾಗ ಶಾಲೆಯ ಆ ಒಂದು ದಿನ ಬೇಡವೆನಿಸುತ್ತದೆ. ಬಿಡಬೇಡಿ. ಈಗಾಗಲೇ ಕೆಲಸ ಬಲ್ಲವರಿಗೂ ಇಲ್ಲಿ ಅನುಭವವನ್ನು ಅಳೆದು ಪ್ರಮಾಣಪತ್ರ ಕೊಡುವ ಇವಿಸಿ ಎಂಬ ವ್ಯವಸ್ಥೆ ಇದೆ. ಭಾರತದಲ್ಲೂ 2015ರಿಂದ ಕೌಶಲ ಯೋಜನೆಯಡಿ ಅಂಥದ್ದು ಇದೆ.

ಅಪ್ಪ ಅಮ್ಮನ ಹತ್ತಿರ ಜಗಳವಾಡಬೇಡಿ. ಈ ಮೆಟ್ಟಿಲುಗಳನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿ. ಅವರಿಗೆ ಗೊತ್ತಿರುವುದು ಅವರ ಕಾಲದ ಹಳೆಯ ನಕ್ಷೆ. ಹೊಸದು ಇರುವುದು ನಿಮ್ಮ ಹತ್ತಿರ. ಬೇಕರಿ ಕಲಿಯುವ ಆಸೆಯ ಹುಡುಗಿಯೇ, ಇದು ನಿನಗೆ ನಾನು ಅವತ್ತು ಕೊಡದೆ ಉಳಿಸಿಕೊಂಡ ಉತ್ತರ. ಬೇಕಾದರೆ ಅಮ್ಮನ ಹತ್ತಿರ ನಾನೂ ಬಂದು ಮಾತಾಡುತ್ತೇನೆ.

ಗೀಸರ್ ಬದಲಿಸಿದ ದಿನ ರಾತ್ರಿ ಆಯಿಗೆ ನಿಜ ಹೇಳಿದೆ. ಮಾಣಿ ಓದುತ್ತಿರುವುದು ಎಂಜಿನಿಯರಿಂಗ್ ಅಲ್ಲ, ಎಲೆಕ್ಟ್ರಿಷಿಯನ್ ಕೆಲಸ ಎಂದು. ಆಯಿ ಅಡಿಕೆ ಕತ್ತರಿಸುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ. “ಅದನ್ನ ಮೊದಲೇ ಹೇಳಿದ್ರೆ ಹೋದ ವರ್ಷ ಬಂದಾಗ್ಲೇ ಗೀಸರ್ ತೋರಿಸ್ತಿದ್ದೆ” ಅಂದಳು.